ಬಿಗಿನ್

ಬಿಗಿನ್ ಎಂಬುದು, ಒಂದು ಕ್ರಿಯೆಯಾಗಲಿ ಸ್ಥಿತಿಯಾಗಲಿ ಹಿಂದೆ ಇಲ್ಲದಿದ್ದು ಮೊದಲ ಬಾರಿಗೆ ತಲೆದೋರುವ ಕ್ಷಣವನ್ನು ಅಥವಾ ಘಟ್ಟವನ್ನು ಸೂಚಿಸತಕ್ಕ, ಇಂಗ್ಲಿಷ್ ಭಾಷೆಯ ದೇಶ್ಯ ಶಬ್ದಸಂಪತ್ತಿಗೆ ಸೇರಿದ ಒಂದು ಕ್ರಿಯಾಪದ. ಆರಂಭಿಸು, ಆರಂಭವಾಗು, ತೊಡಗು, ಮೊದಲಾಗು ಎಂಬುವು ಇದಕ್ಕೆ ಕನ್ನಡದಲ್ಲಿ ಸಲ್ಲುವ ಮುಖ್ಯ ಅರ್ಥಗಳು. ಆರಂಭವನ್ನು ಹೇಳುವ ಇಂಗ್ಲಿಷ್ ಪದಗಳು ಬಹುಸಂಖ್ಯಾತವಾಗಿದ್ದು, ಅವುಗಳಲ್ಲಿ ಕೆಲವು ಜರ್ಮಾನಿಕ್ ಮೂಲದಿಂದಲೂ ಕೆಲವು ಫ್ರೆಂಚಿನಿಂದಲೂ ಮತ್ತೆ ಕೆಲವು ನೇರವಾಗಿ ಲ್ಯಾಟಿನ್ ಗ್ರೀಕುಗಳಿಂದಲೂ ಬಂದಿರುವುವು. ಇವೆಲ್ಲದರ ನಡುವೆ ಅತ್ಯಂತ ಪ್ರಾಚೀನವೂ ಅರ್ಥದಲ್ಲಿ ಅತ್ಯಂತ ವ್ಯಾಪಕವೂ ಆದ ಪದಗಳಲ್ಲಿ ಬಿಗಿನ್ ಒಂದಾಗಿದೆ. ಈ ಲೇಖನದಲ್ಲಿ ಕ್ರಿಯೆಯ ತೊಡಗುವಿಕೆಯನ್ನು ಹೇಳುವ ಪದಗಳನ್ನು ಒಟ್ಟಾಗಿ ‘ಆರಂಭವಾಚಕ’ಗಳೆಂದೂ, ಆ ಪದವನ್ನು ಅನುಸರಿಸಿ ಬರುವ ಮುಖ್ಯಾರ್ಥದ ಕ್ರಿಯೆಯನ್ನು ‘ಅನುಗತ ಕ್ರಿಯೆ’ಯೆಂದೂ ಕರೆಯಲಾಗಿದೆ.

ವ್ಯುತ್ಪತ್ತಿ

ಈ ಪದದ ಪ್ರಾಚೀನ ಇಂಗ್ಲಿಷ್ ರೂಪ ‘ಬೆಗಿನ್ನನ್’. ಇದರಲ್ಲಿ ‘ಬೆ’ ಎಂಬುದು ಉಪಸರ್ಗ. ಬಿಕಮ್, ಬಿಫಾಲ್ ಮೊದಲಾದ ಪದಗಳ ಆದಿಯಲ್ಲಿ ಇಂದಿಗೂ ಉಳಿದಿರುವುದು ಇದೇ ಉಪಸರ್ಗವಾಗಿದೆ. ‘ಗಿನ್ನನ್’ ಎಂಬ ಧಾತುವು ಯಾವ ಪ್ರಾಚೀನ ಜರ್ಮಾನಿಕ್ ಭಾಷೆಯಲ್ಲಿಯೂ ಒಂಟಿಯಾಗಿ ದೊರೆಯದೆ, ಯಾವಾಗಲೂ ಒಂದಲ್ಲ ಒಂದು ಉಪಸರ್ಗವನ್ನು ಕೂಡಿಕೊಂಡೇ ಕಾಣಿಸಿಕೊಳ್ಳುತ್ತದೆ: ಗಾಥಿಕ್ ಭಾಷೆಯಲ್ಲಿ ಅದು ‘ದುಗಿನ್ನನ್’ ಎಂದೂ, ಪ್ರಾಚೀನ ಸ್ಯಾಕ್ಸನ್ ಮತ್ತು ಪ್ರಾಚೀನ ಹೈ ಜರ್ಮನ್ ಭಾಷೆಗಳಲ್ಲಿ ‘ಬಿಗಿನ್ನನ್’ ಎಂದೂ ಇದ್ದು, ಇಂದಿನ ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಇಂಗ್ಲಿಷಿನ ಪದಕ್ಕೆ ಸಹೋದರವಾದ ‘ಬೆಗಿನ್ನೆನ್’ ಎಂಬ ರೂಪವು ಸಾಮಾನ್ಯ ವ್ಯವಹಾರದಲ್ಲಿ ಪ್ರಚಲಿತವಾಗಿದೆ. ಧಾತುವಿನ ಮೂಲಾರ್ಥವು ‘ತೆರೆ’, ‘ಬಾಯ್ದೆರೆ’ ಎಂಬುದಾಗಿದ್ದಿರಬಹುದೆಂಬ ಊಹೆಯನ್ನು ಕೆಲವು ಭಾಷಾಶಾಸ್ತ್ರಜ್ಞರು ಮುಂದಿಟ್ಟಿದ್ದರೂ ಅದು ಸರ್ವಸಮ್ಮತವಾಗಿಲ್ಲ.

ಪ್ರಾಚೀನ ಇಂಗ್ಲಿಷಿನ ಕಾಲದಲ್ಲಿ, ಎಂದರೆ ಸುಮಾರು ಐದನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ, ಆರಂಭಾರ್ಥದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಪದವು ಬೆಗಿನ್ನನ್ ಅಲ್ಲ, ಅದೇ ಧಾತುವಿಗೆ ಬೇರೊಂದು ಉಪಸರ್ಗ ಸೇರಿ ಆದ ‘ಒನ್‌ಗಿನ್ನನ್’ ಎಂಬುದು. ‘ಬೇವುಲ್ಫ್’ ಮಹಾಕಾವ್ಯದಲ್ಲಿ ಈ ಪದದ ಭೂತರೂಪವು ಅನುಗತ ಕ್ರಿಯೆಯೊಡನೆ ಮತ್ತೆ ಮತ್ತೆ ಬರುತ್ತದೆ. ‘ಆರಂಭ’ ಎಂಬ ನಾಮಪದಾರ್ಥದಲ್ಲಿಯೂ ಆಗ ‘ಆನ್‌ಗಿನ್’, ‘ಫ್ರುಮ’ ಎಂಬ ಪದಗಳು ನಡೆಯುತ್ತಿದ್ದುವು. ಹನ್ನೆರಡನೆಯ ಶತಮಾನದಿಂದೀಚೆಗೆ ಈ ಬಂಧುಪದಗಳೆಲ್ಲ ಕ್ರಮೇಣ ಹಿಂದೆ ಸರಿದುವು; ಅಂದು ವಿರಳವಾಗಿದ್ದ ಬೆಗಿನ್ನನ್ ರೂಪವೇ ಉಳಿದು, ಅವುಗಳ ಸ್ಥಾನವನ್ನೆಲ್ಲ ತಾನೇ ಆಕ್ರಮಿಸಿತು.

ಮಧ್ಯಕಾಲೀನ ಇಂಗ್ಲಿಷಿನಲ್ಲಿ ಪದದ ಸ್ಥಿತಿ

ಮಧ್ಯಕಾಲೀನ ಇಂಗ್ಲಿಷಿನಲ್ಲಿ, ಉಪಸರ್ಗವು ಲೋಪವಾಗಿ ಉಳಿದ ‘ಗ್ಯಾನ್’ ಎಂಬ ಹ್ರಸ್ವ ಭೂತರೂಪವು ಒಂದು ವಿಶಿಷ್ಟ ಪ್ರಯೋಗವನ್ನು ಪಡೆಯಿತು. ಕಾವ್ಯಭಾಷೆಯಲ್ಲಿ ಇದು ‘ತೊಡಗಿದನು’ ಎಂಬ ಸ್ವಾರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡು, ಕೇವಲ ಭೂತಕಾಲವನ್ನು ಸೂಚಿಸುವ ಸಹಾಯಕ್ರಿಯೆಯಾಗಿ ನಿಂತಿತು. ಆದುದರಿಂದ ‘ಗ್ಯಾನ್’ ಪದದೊಡನೆ ‘ಹಾಡು’ ಎಂಬ ಕ್ರಿಯೆ ಬಂದಾಗ ಅನೇಕ ಸಂದರ್ಭಗಳಲ್ಲಿ ‘ಹಾಡತೊಡಗಿದನು’ ಎಂದಲ್ಲ, ‘ಹಾಡಿದನು’ ಎಂದಷ್ಟೇ ಅರ್ಥವಾಗುತ್ತದೆ. ಈ ರಚನೆಯಿಂದ ಅನುಗತ ಕ್ರಿಯೆಯು ಪಂಕ್ತಿಯ ಕೊನೆಗೆ ಬರಲು ಅವಕಾಶವಾಗುತ್ತಿದ್ದುದರಿಂದ ಅಂತ್ಯಪ್ರಾಸದ ನಿರ್ವಾಹಕ್ಕೂ ಛಂದಸ್ಸಿನ ಹೊಂದಾಣಿಕೆಗೂ ಕವಿಗಳಿಗೆ ಇದು ಅನುಕೂಲವಾಗಿದ್ದಿತು. 1400ರಲ್ಲಿ ನಿಧನನಾದ ಜೆಫ್ರಿ ಚಾಸರನ ಕೃತಿಗಳಲ್ಲಿ ಇದರ ಉದಾಹರಣೆಗಳು ಹೇರಳವಾಗಿವೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಎಡ್ಮಂಡ್ ಸ್ಪೆನ್ಸರನು ಪ್ರಾಚೀನತೆಯ ಛಾಯೆಗಾಗಿ ಇದನ್ನು ಬುದ್ಧಿಪೂರ್ವಕವಾಗಿ ಪುನಃ ಬಳಸಿದನು. ಅನಂತರ ಇದು ಗದ್ಯದಿಂದ ಪೂರ್ಣವಾಗಿ ಮರೆಯಾಗಿ, ಹಳಮೆಯ ಸೊಗಸನ್ನು ಬಯಸುವ ಕವಿತೆಗಳಲ್ಲಿ ಮಾತ್ರ ಹತ್ತೊಂಬತ್ತನೆಯ ಶತಮಾನದವರೆಗೂ ಉಳಿದುಬಂದಿತು.

1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಜಯಿಸಿದ ಮೇಲೆ ನ್ಯಾಯಸ್ಥಾನ, ಆಡಳಿತ, ಅರಮನೆಗಳಲ್ಲಿ ಫ್ರೆಂಚ್ ಭಾಷೆಯು ನೆಲೆಗೊಂಡು, ಇಂಗ್ಲಿಷಿನ ಅಸಂಖ್ಯಾತ ದೇಶ್ಯ ಪದಗಳು ಬಳಕೆ ತಪ್ಪಿಹೋದುವು. ಆರಂಭಾರ್ಥದಲ್ಲಿಯೂ ‘ಕಮೆನ್ಸ್’ ಎಂಬ ಫ್ರೆಂಚ್ ಪದವು ಸುಮಾರು 1300ರ ವೇಳೆಗೆ ಇಂಗ್ಲಿಷನ್ನು ಪ್ರವೇಶಿಸಿತು. ಹೀಗಿದ್ದರೂ ಬಿಗಿನ್ ಪದವು ಸ್ಥಾನಭ್ರಷ್ಟವಾಗಲಿಲ್ಲ. ಹೊಸ ಪದವು ಔಪಚಾರಿಕ ಸಂದರ್ಭಗಳನ್ನು ವಹಿಸಿಕೊಂಡಿತು, ಹಳೆಯ ಪದವು ನಿತ್ಯವ್ಯವಹಾರವನ್ನು ಬಿಟ್ಟುಕೊಡದೆ ಉಳಿಯಿತು.

ರೂಪ, ಉಚ್ಚಾರಣೆ ಮತ್ತು ಕಾಗುಣಿತ

ಇಂಗ್ಲಿಷ್ ಕ್ರಿಯಾಪದಗಳನ್ನು, ಭೂತಕಾಲದಲ್ಲಿ ಪ್ರತ್ಯಯವನ್ನು ಪಡೆಯುವ ದುರ್ಬಲ ಕ್ರಿಯಾಪದಗಳೆಂದೂ, ಧಾತುವಿನ ಒಳಗಣ ಸ್ವರವನ್ನೇ ಬದಲಿಸಿಕೊಳ್ಳುವ ಸಬಲ ಕ್ರಿಯಾಪದಗಳೆಂದೂ ವೈಯಾಕರಣರು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಪ್ರಾಚೀನ ಇಂಗ್ಲಿಷಿನಲ್ಲಿದ್ದ ಸಬಲ ಕ್ರಿಯಾಪದಗಳ ಏಳು ಗಣಗಳಲ್ಲಿ ಬಿಗಿನ್ ಮೂರನೆಯದಕ್ಕೆ ಸೇರುತ್ತದೆ. ಹಾಡು ಎಂಬರ್ಥದ ‘ಸಿಂಗ್’, ಕುಡಿ ಎಂಬರ್ಥದ ‘ಡ್ರಿಂಕ್’, ಈಜು ಎಂಬರ್ಥದ ‘ಸ್ವಿಮ್’ ಇವೂ ಇದೇ ಗಣದವು. ವರ್ತಮಾನದಲ್ಲಿ ‘ಬಿಗಿನ್’, ಭೂತದಲ್ಲಿ ‘ಬಿಗ್ಯಾನ್’, ಭೂತಕೃದಂತದಲ್ಲಿ ‘ಬಿಗನ್’ ಎಂಬುವು ಇದರ ಮೂರು ಮುಖ್ಯ ರೂಪಗಳು.

ಪ್ರಾಚೀನ ಭಾಷೆಯಲ್ಲಿ ಭೂತಕಾಲದ ಏಕವಚನಕ್ಕೆ ಒಂದು ಸ್ವರವೂ ಬಹುವಚನಕ್ಕೆ ಇನ್ನೊಂದು ಸ್ವರವೂ ಇದ್ದುವು. ‘ಬೆಗಾನ್’ ಎಂಬುದು ಏಕವಚನವಾದರೆ ‘ಬೆಗುನ್ನೊನ್’ ಎಂಬುದು ಬಹುವಚನ. ವಚನಭೇದವು ಅಳಿದ ಮೇಲೆ ಎರಡು ಸ್ವರಗಳೂ ಕೆಲವು ಶತಮಾನಗಳ ಕಾಲ ಪರಸ್ಪರ ಸ್ಪರ್ಧಿಸಿ, ಕೊನೆಗೆ ಏಕವಚನದ ಸ್ವರವು ಭೂತಕಾಲಕ್ಕೂ, ಬಹುವಚನದ ಸ್ವರವನ್ನೇ ಹೋಲುವ ಇನ್ನೊಂದು ಸ್ವರವು ಭೂತಕೃದಂತಕ್ಕೂ ಸ್ಥಿರವಾದುವು. ‘ಬಿಗನ್’ ರೂಪವನ್ನೇ ಭೂತಕಾಲದಲ್ಲಿಯೂ ಬಳಸುವ ವಾಡಿಕೆಯು ಕೆಲವು ಪ್ರಾಂತೀಯ ಉಪಭಾಷೆಗಳಲ್ಲಿ ಉಳಿದಿದ್ದರೂ ಶಿಷ್ಟಭಾಷೆಯು ಅದನ್ನು ಸ್ವೀಕರಿಸುವುದಿಲ್ಲ.

ಉಚ್ಚಾರಣೆಯಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ಕಾಗುಣಿತದ ಒಂದು ನಿಯಮವು ಇದನ್ನೇ ಅವಲಂಬಿಸಿದೆ. ಒಂದೇ ಹ್ರಸ್ವ ಸ್ವರ ಮತ್ತು ಒಂದೇ ವ್ಯಂಜನದಿಂದ ಮುಗಿಯುವ ಪದದ ಅಂತ್ಯಾಕ್ಷರವು ಒತ್ತನ್ನು ಪಡೆದಿದ್ದರೆ, ಸ್ವರಾದಿ ಪ್ರತ್ಯಯವು ಪರವಾದಾಗ ಆ ವ್ಯಂಜನವು ದ್ವಿತ್ವವನ್ನು ಹೊಂದುತ್ತದೆ; ಆದುದರಿಂದ ‘ಬಿಗಿನಿಂಗ್’, ‘ಬಿಗಿನರ್’ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಎರಡು ನಕಾರಗಳಿಂದ ಬರೆಯಬೇಕು. ಮೊದಲ ಅಕ್ಷರದ ಮೇಲೆ ಒತ್ತುಳ್ಳ ‘ಓಪನ್’ ಪದದಿಂದ ಆದ ‘ಓಪನಿಂಗ್’ ಒಂದೇ ನಕಾರವನ್ನು ಪಡೆಯುವುದು ಈ ನಿಯಮದ ಇನ್ನೊಂದು ಮುಖ. ಉಚ್ಚಾರಣೆಯಲ್ಲಿ ದ್ವಿತ್ವವು ಕೇಳಿಸದ ಕಾರಣ, ವಿದ್ಯಾರ್ಥಿಗಳು ‘ಬಿಗಿನಿಂಗ್’ ಪದವನ್ನು ಬರೆಯುವಾಗ ಒಂದು ನಕಾರವನ್ನು ಬಿಡುವುದು ಅತಿ ಸಾಮಾನ್ಯವಾದ ದೋಷವಾಗಿದೆ.

ಅರ್ಥಗಳು

ಬಿಗಿನ್ ಪದದ ಪ್ರಯೋಗಗಳನ್ನು ಐದು ಅರ್ಥಗಳಲ್ಲಿ ಅಡಕಗೊಳಿಸಬಹುದು. ಮೊದಲನೆಯದು, ಕರ್ತೃವು ತಾನಾಗಿ ಒಂದು ಕಾರ್ಯದ ಪ್ರಥಮಾಂಶವನ್ನು ನೆರವೇರಿಸುವುದು. ಪಾಠವನ್ನು ಆರಂಭಿಸುವುದು, ಮನೆ ಕಟ್ಟಲು ತೊಡಗುವುದು ಇತ್ಯಾದಿ. ಎರಡನೆಯದು, ಕರ್ತೃವಿನ ಸಂಕಲ್ಪವಿಲ್ಲದೆ ಒಂದು ಘಟನೆಯೋ ಸ್ಥಿತಿಯೋ ತಾನಾಗಿ ತಲೆದೋರುವುದು. ಮಳೆ ಬರತೊಡಗುವುದು, ಕತ್ತಲಾಗತೊಡಗುವುದು, ಮನಸ್ಸಿನಲ್ಲಿ ಸಂದೇಹ ಹುಟ್ಟುವುದು. ಮೂರನೆಯದು, ಸ್ಥಳದ ಅಥವಾ ಪರಿಮಾಣದ ಎಲ್ಲೆಯನ್ನು ಸೂಚಿಸುವುದು. ಕಾಡು ಇಲ್ಲಿಂದ ಮೊದಲಾಗುತ್ತದೆ ಎನ್ನುವಲ್ಲಿ ಕಾಲದ ಪ್ರಸ್ತಾಪವಿಲ್ಲದೆ ಸೀಮೆಯ ನಿರ್ದೇಶವಷ್ಟೇ ಇದೆ. ನಾಲ್ಕನೆಯದು, ಒಂದು ಸಾಲಿನ ಅಥವಾ ಶ್ರೇಣಿಯ ಮೊದಲ ಅಂಶವನ್ನು ಹೇಳುವುದು. ಪದವು ಇಂಥ ಅಕ್ಷರದಿಂದ ಆರಂಭವಾಗುತ್ತದೆ ಎಂಬಂತೆ. ಐದನೆಯದು, ಮಾತನಾಡಲು ತೊಡಗುವುದು. ಕಥೆ ಕಾದಂಬರಿಗಳಲ್ಲಿ ಪಾತ್ರದ ಮಾತನ್ನು ಉದ್ಧರಿಸಿ, ಅದರ ಬೆನ್ನಿಗೆ ‘ಎಂದು ಆರಂಭಿಸಿದನು’ ಎಂಬರ್ಥದಲ್ಲಿ ‘ಬಿಗ್ಯಾನ್’ ಎಂಬ ಪದವೊಂದನ್ನೇ ಇಡುವ ಪದ್ಧತಿಯಿದೆ.

ಇವಲ್ಲದೆ ನಿಷೇಧಾರ್ಥದಲ್ಲಿ ಬರುವ ಒಂದು ವಿಶೇಷ ಪ್ರಯೋಗವೂ ಉಂಟು. ‘ಸಾಧ್ಯವಿಲ್ಲ’ ಎಂಬರ್ಥದ ಸಹಾಯಕ್ರಿಯೆಯೊಡನೆ ಕೂಡಿದಾಗ, ಆ ಕಾರ್ಯವನ್ನು ಮುಗಿಸುವುದಿರಲಿ, ಅದರ ಅಂಚನ್ನು ಮುಟ್ಟುವುದೂ ಆಗದು ಎಂಬ ಅತಿಶಯವನ್ನು ಬಿಗಿನ್ ಸೂಚಿಸುತ್ತದೆ. ವರ್ಣಿಸಲು ಅಸಾಧ್ಯವಾದ ಉಪಕಾರಕ್ಕೆ ಕೃತಜ್ಞತೆಯನ್ನು ಹೇಳುವಾಗ ಇಂಗ್ಲಿಷ್ ಮಾತುಗಾರರು ಈ ರಚನೆಯನ್ನು ಬಳಸುವುದು ವಾಡಿಕೆ.

ವಾಕ್ಯರಚನೆ

ಬಿಗಿನ್ ಸಕರ್ಮಕವಾಗಿಯೂ ಅಕರ್ಮಕವಾಗಿಯೂ ನಡೆಯುವ ಉಭಯಪದ. ಉಪಾಧ್ಯಾಯನು ಪಾಠವನ್ನು ಆರಂಭಿಸಿದನು, ಪಾಠವು ಆರಂಭವಾಯಿತು ಎಂದು ಕನ್ನಡದಲ್ಲಿ ಎರಡು ಬೇರೆ ಕ್ರಿಯಾರೂಪಗಳಿಂದ ಹೇಳುವುದನ್ನು ಇಂಗ್ಲಿಷಿನಲ್ಲಿ ಒಂದೇ ರೂಪವು ನಿರ್ವಹಿಸುತ್ತದೆ.

ಅನುಗತ ಕ್ರಿಯೆಯು ಎರಡು ರೂಪಗಳಲ್ಲಿ ಬರಬಲ್ಲುದು: ‘ಟು’ ಎಂಬ ಅವ್ಯಯವನ್ನು ಪೂರ್ವದಲ್ಲಿಟ್ಟುಕೊಂಡ ಭಾವರೂಪವಾಗಿ, ಇಲ್ಲವೆ ‘ಇಂಗ್’ ಪ್ರತ್ಯಯಾಂತವಾದ ಕೃದಂತವಾಗಿ. ಬಹುತೇಕ ಸಂದರ್ಭಗಳಲ್ಲಿ ಇವೆರಡಕ್ಕೂ ಗಣನೀಯವಾದ ಅರ್ಥಭೇದವಿಲ್ಲ. ಆದರೆ ಬಿಗಿನ್ ಪದವೇ ‘ಇಂಗ್’ ಪ್ರತ್ಯಯವನ್ನು ಪಡೆದು ನಿಂತಿರುವಾಗ, ಒಂದರ ಮೇಲೊಂದರಂತೆ ಎರಡು ‘ಇಂಗ್’ಗಳು ಬರುವುದು ಕಿವಿಗೆ ಹಿತವಲ್ಲವಾದ್ದರಿಂದ, ಅನುಗತ ಕ್ರಿಯೆಯನ್ನು ಟು-ಪೂರ್ವಕವಾಗಿಯೇ ಇಡುತ್ತಾರೆ. ಅರಿ, ತಿಳಿ, ನಂಬು ಮೊದಲಾದ ಮನೋವ್ಯಾಪಾರವನ್ನು ಹೇಳುವ ಕ್ರಿಯೆಗಳೂ ಅಚೇತನ ಕರ್ತೃವುಳ್ಳ ವಾಕ್ಯಗಳೂ ಬಿಗಿನ್ ಪದದೊಡನೆ ಟು-ಪೂರ್ವಕ ರೂಪವನ್ನೇ ಹೆಚ್ಚಾಗಿ ಅಪೇಕ್ಷಿಸುತ್ತವೆ.

ಪೂರ್ವಸ್ಥಾಪಿತ ಅವ್ಯಯಗಳ ವಿಷಯದಲ್ಲಿ, ಕ್ರಮದ ಮೊದಲ ಅಂಶವನ್ನು ಹೇಳುವಾಗ ‘ವಿತ್’, ಮಾಡುವ ರೀತಿಯನ್ನು ಹೇಳುವಾಗ ‘ಬೈ’, ಗಂಟೆಯನ್ನು ಅಥವಾ ಸ್ಥಳಬಿಂದುವನ್ನು ಹೇಳುವಾಗ ‘ಆಟ್’, ದಿನವನ್ನು ಹೇಳುವಾಗ ‘ಆನ್’, ತಿಂಗಳು ವರ್ಷಗಳನ್ನು ಹೇಳುವಾಗ ‘ಇನ್’ ಎಂಬುವು ಬಿಗಿನ್ ಪದವನ್ನು ಅನುಸರಿಸುತ್ತವೆ.

ಸಾಧಿತ ಪದಗಳು

ಬಿಗಿನ್ ಧಾತುವಿನಿಂದ ಆದ ನಾಮಪದಗಳಲ್ಲಿ ಮುಖ್ಯವಾದುವು ಎರಡು. ‘ಬಿಗಿನಿಂಗ್’ ಎಂಬುದು ಆರಂಭದ ಕ್ಷಣವನ್ನೂ, ಒಂದು ವಸ್ತುವಿನ ಮೊದಲ ಭಾಗವನ್ನೂ, ಬಹುವಚನದಲ್ಲಿ ಒಂದು ವ್ಯಕ್ತಿಯ ಅಥವಾ ಸಂಸ್ಥೆಯ ಮೂಲಸ್ಥಿತಿಯನ್ನೂ ಸೂಚಿಸುತ್ತದೆ. ಇದಕ್ಕೆ ‘ಇನ್’ ಸೇರಿದಾಗ ‘ಆದಿಕಾಲದಲ್ಲಿ, ಮೊದಮೊದಲು’ ಎಂಬ ವಿಶಾಲವಾದ ಕಾಲಾರ್ಥವೂ, ‘ಆಟ್’ ಸೇರಿದಾಗ ‘ಇಂಥದರ ಮೊದಲ ಬಿಂದುವಿನಲ್ಲಿ’ ಎಂಬ ನಿಷ್ಕೃಷ್ಟಾರ್ಥವೂ ಬರುತ್ತವೆ.

‘ಬಿಗಿನರ್’ ಎಂಬುದು ಕರ್ತೃವಾಚಕ. ಹದಿನಾಲ್ಕನೆಯ ಶತಮಾನದಲ್ಲಿ ಇದಕ್ಕೆ ‘ಮೂಲಕರ್ತ, ಸ್ಥಾಪಕ’ ಎಂಬ ಗೌರವಾರ್ಥವಿದ್ದಿತು. ಹದಿನೈದನೆಯ ಶತಮಾನದಿಂದೀಚೆಗೆ ‘ಹೊಸದಾಗಿ ಕಲಿಯತೊಡಗಿದವನು’ ಎಂಬ ಅರ್ಥವು ರೂಢಿಗೆ ಬಂದು, ಇಂದು ಸಾಮಾನ್ಯ ಬಳಕೆಯಲ್ಲಿ ಅದೊಂದೇ ಉಳಿದಿದೆ. ಭಾಷೆ, ಸಂಗೀತ, ಕ್ರೀಡೆಗಳ ಶಿಕ್ಷಣದಲ್ಲಿ ಕಲಿಯುವವರ ಮೊದಲ ಹಂತಕ್ಕೆ ಇದೇ ಹೆಸರು ಸಂದಿದೆ.

ಸಮಾನಾರ್ಥಕ ಪದಗಳು

ಬಿಗಿನ್ ಪದಕ್ಕೆ ಅತ್ಯಂತ ಸಮೀಪವಾದುದು ‘ಸ್ಟಾರ್ಟ್’. ಇದೂ ಜರ್ಮಾನಿಕ್ ಮೂಲದ್ದೇ. ‘ನೆಗೆ, ಥಟ್ಟನೆ ಮೇಲೇಳು’ ಎಂಬುದು ಇದರ ಮೂಲಾರ್ಥ. ಬೆಚ್ಚಿಬೀಳಿಸು ಎಂಬರ್ಥದ ‘ಸ್ಟಾರ್ಟಲ್’ ಎಂಬ ಪದವು ಇದರ ಸಂತತಿ. ಬೀಳು, ಧುಮುಕು ಎಂಬರ್ಥದ ಜರ್ಮನ್ ಪದವಾದ ‘ಷ್ಟುರ್ಟ್ಸೆನ್’ ಇದರ ಬಂಧು. ನೆಗೆತದಿಂದ ಹೊರಡುವಿಕೆ, ಹೊರಡುವಿಕೆಯಿಂದ ಆರಂಭ ಎಂಬ ಕ್ರಮದಲ್ಲಿ ಅರ್ಥವು ವಿಕಾಸಗೊಂಡು, ‘ತೊಡಗು’ ಎಂಬ ಸಾಮಾನ್ಯಾರ್ಥವು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಸ್ಥಿರಪಟ್ಟಿತು. ಮೂಲದ ಚಲನಾರ್ಥವು ಇಂದಿಗೂ ಮಾಸಿಲ್ಲ: ಯಂತ್ರವನ್ನು ಚಾಲನೆಗೊಳಿಸುವಲ್ಲಿಯೂ, ಪ್ರಯಾಣಕ್ಕೆ ಹೊರಡುವಲ್ಲಿಯೂ, ಓಟದ ಪಂದ್ಯದಲ್ಲಿಯೂ, ಅಂಗಡಿ ಉದ್ಯಮಗಳನ್ನು ಹೂಡುವಲ್ಲಿಯೂ ಸ್ಟಾರ್ಟ್ ಮಾತ್ರವೇ ಸಲ್ಲುತ್ತದೆ, ಬಿಗಿನ್ ಸಲ್ಲುವುದಿಲ್ಲ. ವಿರುದ್ಧಪದಗಳಲ್ಲಿಯೂ ಈ ಭೇದವು ಗೋಚರಿಸುತ್ತದೆ. ಬಿಗಿನ್ ಪದಕ್ಕೆ ಮುಕ್ತಾಯವನ್ನು ಹೇಳುವ ‘ಎಂಡ್’ ಜೊತೆಯಾದರೆ, ಸ್ಟಾರ್ಟ್ ಪದಕ್ಕೆ ನಿಲುಗಡೆಯನ್ನು ಹೇಳುವ ‘ಸ್ಟಾಪ್’ ಜೊತೆಯಾಗುತ್ತದೆ.

‘ಕಮೆನ್ಸ್’ ಎಂಬುದು ಪ್ರಾಚೀನ ಫ್ರೆಂಚಿನ ದ್ವಾರಾ ಬಂದ ಲ್ಯಾಟಿನ್ ಸಂತತಿ. ಲ್ಯಾಟಿನಿನಲ್ಲಿ ‘ಒಳಗೆ’ ಎಂಬರ್ಥದ ‘ಇನ್’, ‘ಹೋಗು’ ಎಂಬರ್ಥದ ‘ಇರೆ’ ಇವು ಕೂಡಿ ‘ಇನಿಷಿಯಂ’, ಎಂದರೆ ಪ್ರವೇಶ, ಆರಂಭ ಎಂಬ ಪದವಾಯಿತು; ಅದರಿಂದ ಆದ ಕ್ರಿಯಾಪದಕ್ಕೆ ‘ಕಮ್’ ಉಪಸರ್ಗ ಸೇರಿ ಫ್ರೆಂಚಿನ ‘ಕೊಮಾಂಸೆ’, ಇಟ್ಯಾಲಿಯನಿನ ‘ಕೊಮಿಂಚಾರೆ’, ಸ್ಪ್ಯಾನಿಷಿನ ‘ಕೊಮೆನ್ಸಾರ್’ ಎಂಬ ಪದಗಳು ಹುಟ್ಟಿದುವು. ಇಂಗ್ಲಿಷಿನಲ್ಲಿ ಇದು ಯುದ್ಧ, ಸಮಾರಂಭ, ನ್ಯಾಯಾಲಯದ ವ್ಯವಹಾರ ಮೊದಲಾದ ಗಂಭೀರ ಸಂದರ್ಭಗಳಿಗೆ ಮೀಸಲು. ಇದರಿಂದ ಆದ ‘ಕಮೆನ್ಸ್‌ಮೆಂಟ್’ ಎಂಬುದು ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಪದವೀಪ್ರದಾನ ಸಮಾರಂಭದ ಹೆಸರಾಗಿದೆ. ವ್ಯಾಸಂಗದ ಮುಕ್ತಾಯಕ್ಕಿಂತ, ಪದವೀಧರನಾಗಿ ನಡೆಸಬೇಕಾದ ಜೀವನದ ಆರಂಭಕ್ಕೆ ಇಲ್ಲಿ ಪ್ರಾಧಾನ್ಯ. ಹಾರ್ವರ್ಡ್ ಕಾಲೇಜಿನ ಮೊದಲನೆಯ ಇಂಥ ಸಮಾರಂಭವು 1642ರಲ್ಲಿ ನಡೆಯಿತು.

ಲ್ಯಾಟಿನಿನಿಂದ ಬಂದ ಇತರ ಪದಗಳಲ್ಲಿ ಪ್ರತಿಯೊಂದಕ್ಕೂ ವಿಶಿಷ್ಟವಾದ ಕ್ಷೇತ್ರವಿದೆ. ‘ಇನಿಷಿಯೇಟ್’ ಎಂಬುದು ಒಂದು ಕಾರ್ಯಕ್ರಮಕ್ಕೆ ಚಾಲನೆ ಕೊಡುವುದನ್ನೂ, ಒಬ್ಬನಿಗೆ ದೀಕ್ಷೆ ಕೊಡುವುದನ್ನೂ ಹೇಳುತ್ತದೆ. ಉಪನಯನ, ಮಂತ್ರೋಪದೇಶ ಮೊದಲಾದ ಸಂಸ್ಕಾರಗಳನ್ನು ಇಂಗ್ಲಿಷಿನಲ್ಲಿ ವಿವರಿಸುವಾಗ ಬಳಸುವುದು ಈ ಪದವನ್ನೇ. ಇದರ ಬಂಧುವಾದ ‘ಇನಿಷಿಯಲ್’ ಎಂಬುದು ಹೆಸರಿನ ಮುಂದಿಡುವ ಮೊದಲಕ್ಷರಗಳ ಅರ್ಥದಲ್ಲಿ ಕನ್ನಡದ ನಿತ್ಯವ್ಯವಹಾರಕ್ಕೂ ಬಂದಿದೆ. ‘ಇನಾಗುರೇಟ್’ ಎಂಬುದು, ಪಕ್ಷಿಗಳ ಹಾರಾಟವೇ ಮೊದಲಾದುವನ್ನು ನೋಡಿ ಶಕುನ ಹೇಳುತ್ತಿದ್ದ ರೋಮಿನ ‘ಔಗುರ್’ ಎಂಬ ಪುರೋಹಿತರ ಹೆಸರಿನಿಂದ ಬಂದುದು. ಇದು ಪದಗ್ರಹಣ, ಉದ್ಘಾಟನೆಗಳಿಗೆ ಸಲ್ಲುತ್ತದೆ. ಅಮೆರಿಕದ ರಾಷ್ಟ್ರಾಧ್ಯಕ್ಷರು 1937ರಿಂದ ಜನವರಿ 20ರಂದು ಅಧಿಕಾರ ಸ್ವೀಕರಿಸುವ ವಿಧಿಗೆ ಇದೇ ಪದದಿಂದ ಹೆಸರಾಗಿದೆ. ‘ಆರಿಜಿನ್’ ಎಂಬುದು ಉದಯಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೂ, ‘ಜೆನಿಸಿಸ್’ ಎಂಬುದು ಹುಟ್ಟು ಎಂಬರ್ಥದ ಗ್ರೀಕ್ ಪದದಿಂದಲೂ ಬಂದು, ಎರಡೂ ಆರಂಭದ ಕ್ರಿಯೆಗಿಂತ ಹೆಚ್ಚಾಗಿ ಮೂಲಕಾರಣವನ್ನು ಬೆರಳುಮಾಡಿ ತೋರಿಸುತ್ತವೆ.

ನುಡಿಗಟ್ಟುಗಳು ಮತ್ತು ಗಾದೆಗಳು

‘ಟು ಬಿಗಿನ್ ವಿತ್’ ಎಂಬ ನುಡಿಗಟ್ಟಿಗೆ ಎರಡು ಅರ್ಥಗಳಿವೆ: ಕಾಲವನ್ನು ಹೇಳುವಾಗ ‘ಮೊದಮೊದಲು’ ಎಂದೂ, ವಾದವನ್ನು ಮಂಡಿಸುವಾಗ ‘ಮೊದಲನೆಯದಾಗಿ’ ಎಂದೂ ತಿಳಿಯಬೇಕು. ‘ಅಂತ್ಯದ ಆರಂಭ’ ಎಂಬರ್ಥದ ಮಾತು ಪತನದ ಪ್ರಥಮ ಲಕ್ಷಣವನ್ನು ಸೂಚಿಸುವ ರೂಢಿಯ ನುಡಿಯಾಗಿದೆ. ಇದನ್ನೇ ತಿರುಗುಮುರುಗು ಮಾಡಿ ‘ಆರಂಭದ ಅಂತ್ಯ’ ಎಂಬ ಅರ್ಥದಲ್ಲಿ, ಎರಡನೆಯ ಮಹಾಯುದ್ಧದ ಎಲ್ ಅಲಮೀನಿನ ವಿಜಯದ ತರುವಾಯ 1942ರ ನವೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿ ವಿನ್ಸ್‌ಟನ್ ಚರ್ಚಿಲ್ ಲಂಡನಿನಲ್ಲಿ ಮಾಡಿದ ಭಾಷಣವು ಪ್ರಸಿದ್ಧವಾಯಿತು.

ಚೆನ್ನಾಗಿ ಆರಂಭವಾದ ಕೆಲಸವು ಅರ್ಧ ಮುಗಿದಂತೆಯೇ ಎಂಬ ಇಂಗ್ಲಿಷ್ ಗಾದೆಯ ಮೂಲವು ಗ್ರೀಕ್ ಲೋಕದಷ್ಟು ಹಿಂದಕ್ಕೆ ಹೋಗುತ್ತದೆ. ಅರಿಸ್ಟಾಟಲನು ತನ್ನ ‘ರಾಜನೀತಿ’ ಗ್ರಂಥದಲ್ಲಿ ಇದನ್ನು ಲೋಕರೂಢಿಯ ಮಾತೆಂದು ಸ್ಮರಿಸಿದ್ದಾನೆ, ರೋಮನ್ ಕವಿ ಹೊರೇಸನೂ ಇದೇ ಭಾವವನ್ನು ಹೇಳಿದ್ದಾನೆ. ದಾನವು ಮನೆಯಿಂದ ಮೊದಲಾಗಬೇಕೆಂಬ ಇನ್ನೊಂದು ಇಂಗ್ಲಿಷ್ ಗಾದೆಯು, ಮೊದಲು ಮನೆಯನ್ನು ಗೆದ್ದು ಆಮೇಲೆ ಮಾರನ್ನು ಗೆಲ್ಲಬೇಕೆನ್ನುವ ಕನ್ನಡದ ಗಾದೆಗೆ ಸಮೀಪವಾಗಿದೆ. ಆರಂಭದಲ್ಲಿ ಮಾತ್ರ ಉತ್ಸಾಹವನ್ನು ತೋರಿ ನಡುವೆ ಕೈಬಿಡುವವನಿಗೆ ಸಂಸ್ಕೃತದಿಂದ ಕನ್ನಡಕ್ಕೆ ಬಂದಿರುವ ‘ಆರಂಭಶೂರ’ ಎಂಬ ಸಮಾಸಕ್ಕೆ ಸರಿಸಮನಾದ ಒಂದೇ ಪದವು ಬಿಗಿನ್ ಧಾತುವಿನಿಂದ ಇಂಗ್ಲಿಷಿನಲ್ಲಿ ಸಾಧಿತವಾಗಿಲ್ಲ.

ವಿಶೇಷ ಕ್ಷೇತ್ರಗಳಲ್ಲಿ ಪ್ರಯೋಗ

ಧರ್ಮಗ್ರಂಥ: ಬೈಬಲಿನ ಹಳೆಯ ಒಡಂಬಡಿಕೆಯ ಪ್ರಥಮ ಕಾಂಡವೂ ಹೊಸ ಒಡಂಬಡಿಕೆಯ ಯೋಹಾನನ ಸುವಾರ್ತೆಯೂ ‘ಆದಿಯಲ್ಲಿ’ ಎಂಬರ್ಥದ ಪದಗಳಿಂದಲೇ ಮೊದಲಾಗುತ್ತವೆ. ಹೀಬ್ರೂ ಭಾಷೆಯಲ್ಲಿ ಮೊದಲ ಕಾಂಡಕ್ಕೆ ಅದರ ಪ್ರಥಮ ಪದವಾದ ‘ಬೆರೇಷಿತ್’ ಎಂಬುದೇ ಹೆಸರು. ವಿಲಿಯಂ ಟಿಂಡೇಲನು 1526ರಲ್ಲಿ ಹೊಸ ಒಡಂಬಡಿಕೆಯನ್ನೂ 1530ರಲ್ಲಿ ಹಳೆಯ ಒಡಂಬಡಿಕೆಯ ಮೊದಲ ಐದು ಕಾಂಡಗಳನ್ನೂ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದನು. ಆ ಎರಡೆಡೆಗಳಲ್ಲಿಯೂ ಬಿಗಿನಿಂಗ್ ಎಂಬ ದೇಶ್ಯ ಪದವೇ ನಿಂತು, 1611ರ ಅಧಿಕೃತ ಭಾಷಾಂತರದಲ್ಲಿಯೂ ಉಳಿದುದರಿಂದ, ಈ ಪದಕ್ಕೆ ಒಂದು ಗಾಂಭೀರ್ಯವು ಪ್ರಾಪ್ತವಾಯಿತು. ಕನ್ನಡ ಬೈಬಲಿನಲ್ಲಿ ಈ ಮೊದಲ ಭಾಗಕ್ಕೆ ‘ಆದಿಕಾಂಡ’ ಎಂದು ಹೆಸರು.

ಶಾಸನ: ಕಾನೂನಿನ ಭಾಷೆಯು ಬಿಗಿನ್ ಪದವನ್ನು ಬಿಟ್ಟು ಕಮೆನ್ಸ್‌ಮೆಂಟ್ ಪದವನ್ನು ಆರಿಸಿಕೊಂಡಿದೆ. ಭಾರತದ 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ, ಒಂದು ಅಧಿನಿಯಮದ ಕಮೆನ್ಸ್‌ಮೆಂಟ್ ಎಂದರೆ ಅದು ಜಾರಿಗೆ ಬರುವ ದಿನ. ಭಾರತ ಸಂವಿಧಾನದ 394ನೆಯ ಅನುಚ್ಛೇದವು, ಕೂಡಲೇ ಜಾರಿಗೆ ಬಂದ ಕೆಲವು ಅನುಚ್ಛೇದಗಳ ಹೊರತು ಉಳಿದವು 1950ರ ಜನವರಿ 26ರಂದು ಜಾರಿಗೆ ಬರುವುವೆಂದು ವಿಧಿಸಿ, ಆ ದಿನವನ್ನೇ ಸಂವಿಧಾನದ ಪ್ರಾರಂಭವೆಂದು ನಿರ್ದೇಶಿಸುತ್ತದೆ. ಕರ್ನಾಟಕದ ಅಧಿನಿಯಮಗಳ ಕನ್ನಡ ಪಾಠಗಳಲ್ಲಿ ಮೊದಲ ಪ್ರಕರಣಕ್ಕೆ ‘ಸಂಕ್ಷಿಪ್ತ ಹೆಸರು ಮತ್ತು ಪ್ರಾರಂಭ’ ಎಂದು ಶೀರ್ಷಿಕೆಯಿರುವುದು ಈ ಪದ್ಧತಿಯ ಅನುಸರಣೆಯಾಗಿದೆ.

ರಂಗಭೂಮಿ: ಬ್ರಿಟಿಷ್ ರಂಗಭೂಮಿಯಲ್ಲಿ ‘ಬಿಗಿನರ್ಸ್’ ಎಂದರೆ ಹೊಸಬರಲ್ಲ, ಅಂಕದ ಆರಂಭದಲ್ಲಿಯೇ ರಂಗದ ಮೇಲಿರಬೇಕಾದ ನಟನಟಿಯರು. ಪರದೆ ಏಳುವುದಕ್ಕೆ 5 ನಿಮಿಷಗಳ ಮೊದಲು ಈ ಪದವನ್ನು ಕೂಗಿ ಅವರನ್ನು ಅವರವರ ಸ್ಥಾನಗಳಿಗೆ ಕರೆಯುತ್ತಾರೆ.

ಗಣಕಶಾಸ್ತ್ರ: 1960ರಲ್ಲಿ ಪ್ರಕಟವಾದ ಆಲ್ಗಾಲ್ 60 ಎಂಬ ಗಣಕಭಾಷೆಯಲ್ಲಿ, ಒಟ್ಟಾಗಿ ನಡೆಯಬೇಕಾದ ಆದೇಶಗಳ ಗುಚ್ಛದ ತಲೆಯಲ್ಲಿ ‘ಬಿಗಿನ್’, ಕಡೆಯಲ್ಲಿ ‘ಎಂಡ್’ ಎಂಬ ಪದಗಳನ್ನಿಡುವ ಕ್ರಮವಿದ್ದಿತು, ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಪ್ರಕಟಪಡಿಸಿದ ಪ್ಯಾಸ್ಕಲ್ ಭಾಷೆಯೂ ಇದನ್ನೇ ಅನುಸರಿಸಿತು. ಇಲ್ಲಿ ಬಿಗಿನ್ ಪದವು ಕ್ರಿಯಾಪದವಾಗಿ ಉಳಿಯದೆ, ಆವರಣಚಿಹ್ನೆಯ ಕೆಲಸವನ್ನು ಮಾಡುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕುರ್ಟ್ಸ್ ಅವರು 1964ರಲ್ಲಿ ರಚಿಸಿದ ‘ಬೇಸಿಕ್’ ಎಂಬ ಗಣಕಭಾಷೆಯ ಹೆಸರಿನ ಮೊದಲಕ್ಷರವು ಬಿಗಿನರ್ ಪದವನ್ನು ಪ್ರತಿನಿಧಿಸುತ್ತದೆ. ವಿಜ್ಞಾನದ ವಿದ್ಯಾರ್ಥಿಗಳಲ್ಲದವರಿಗೂ ಗಣಕವನ್ನು ಕಲಿಸಬೇಕೆಂಬುದು ಆ ಭಾಷೆಯ ಉದ್ದೇಶವಾಗಿದ್ದಿತು.

ಕನ್ನಡದ ಸಂವಾದಿ ಪದಗಳು

ಇಂಗ್ಲಿಷಿನಲ್ಲಿರುವಂತೆಯೇ ಕನ್ನಡದಲ್ಲಿಯೂ ಆರಂಭವಾಚಕಗಳು ಭಿನ್ನ ಮೂಲಗಳಿಂದ ಬಂದು ಪದರಪದರವಾಗಿ ನೆಲೆಗೊಂಡಿವೆ. ದ್ರಾವಿಡ ಮೂಲದ ‘ತೊಡಗು’ ಎಂಬುದಕ್ಕೆ ಹಳಗನ್ನಡದಲ್ಲಿ ‘ತೊಡಂಗು’ ಎಂದು ರೂಪ; ತಮಿಳಿನ ‘ತೊಡಂಗು’, ಮಲಯಾಳದ ‘ತುಡಙ್ಙು’ ಇದರ ಸೋದರ ಪದಗಳು. ‘ಮೊದಲ್’ ಎಂಬ ನಾಮಪದವೂ ದ್ರಾವಿಡವೇ. ಆದಿ, ಬುಡ ಎಂಬ ಅರ್ಥಗಳಲ್ಲದೆ ವ್ಯಾಪಾರದಲ್ಲಿ ಹೂಡುವ ಮೂಲಧನ ಎಂಬ ಅರ್ಥವೂ ಇದಕ್ಕುಂಟು. ಸಂಸ್ಕೃತದಿಂದ ಆರಂಭ, ಪ್ರಾರಂಭ, ಉಪಕ್ರಮ ಎಂಬ ತತ್ಸಮಗಳು ಬಂದಿವೆ. ಇವುಗಳಲ್ಲಿ ‘ಆರಂಭ’ ಎಂಬುದು ಹಳ್ಳಿಗಾಡಿನ ಮಾತಿನಲ್ಲಿ ‘ಆರಂಬ’ವಾಗಿ, ಬೇಸಾಯ ಎಂಬ ಅರ್ಥವನ್ನೂ ಪಡೆದಿದೆ; ಆರಂಬಗಾರನೆಂದರೆ ಉಳುವವನು. ಅರಬ್ಬೀ ಮೂಲದ ‘ಶುರು’ ಎಂಬುದು ಪಾರಸಿ, ಉರ್ದುಗಳ ಮೂಲಕ ಬಂದು ಆಡುಮಾತಿನಲ್ಲಿ ಬೇರೂರಿದೆ.

ಬಿಗಿನ್ ಪದವು ಅನುಗತ ಕ್ರಿಯೆಯೊಡನೆ ಬಂದಾಗ ಅದಕ್ಕೆ ಅತ್ಯಂತ ನಿಕಟವಾಗಿ ಸಲ್ಲುವುದು ತೊಡಗು ಧಾತು. ಬರತೊಡಗಿತು, ಅಳತೊಡಗಿದಳು ಎಂಬಂತೆ ಇದು ಅನುಗತ ಕ್ರಿಯೆಯ ಬೆನ್ನಿಗೇ ನಿಂತು ಅದರೊಡನೆ ಒಂದೇ ಪದವಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಆರಂಭವಾಚಕವು ಮುಂದೆ ಬರುವುದೂ ಕನ್ನಡದಲ್ಲಿ ಹಿಂದೆ ಬರುವುದೂ ಎರಡು ಭಾಷೆಗಳ ಪದಕ್ರಮದ ಭೇದದಿಂದ ಉಂಟಾದ ವ್ಯತ್ಯಾಸ. ‘ಹತ್ತು’ ಧಾತುವೂ ಇದೇ ಕಾರ್ಯವನ್ನು ಮಾಡುತ್ತದೆ. ಅಳಹತ್ತಿದನು ಎಂಬುದು ಗ್ರಂಥಸ್ಥ ಭಾಷೆಯಲ್ಲಿ ತೊಡಗುವಿಕೆಯನ್ನು ಹೇಳಿದರೆ, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಮಾಡಾಕ ಹತ್ಯಾನ’ ಎಂಬಂಥ ರೂಪಗಳು ನಡೆಯುತ್ತಿರುವ ಕ್ರಿಯೆಯನ್ನು ಸೂಚಿಸುತ್ತವೆ. ಆರಂಭವಾಚಕ ಧಾತುವೊಂದು ತನ್ನ ಸ್ವಾರ್ಥವನ್ನು ಸಡಿಲಿಸಿಕೊಂಡು ಕೇವಲ ವ್ಯಾಕರಣಕಾರ್ಯವನ್ನು ವಹಿಸಿಕೊಳ್ಳುವ ಈ ಪರಿಣಾಮವು, ಚಾಸರನ ಕಾಲದ ‘ಗ್ಯಾನ್’ ಪದಕ್ಕೆ ಸಂಭವಿಸಿದುದರ ಜಾತಿಗೇ ಸೇರಿದುದು.

ಭಾರತೀಯರ ಇಂಗ್ಲಿಷಿನಲ್ಲಿ

ಸೋಮವಾರದಿಂದ ತರಗತಿಗಳು ಆರಂಭವಾಗುತ್ತವೆ ಎಂಬಲ್ಲಿ ಕನ್ನಡವು ಪಂಚಮೀ ವಿಭಕ್ತಿಯನ್ನು ಬಳಸುವುದರಿಂದ, ಕನ್ನಡಿಗರೂ ಇತರ ಭಾರತೀಯರೂ ಇಂಗ್ಲಿಷಿನಲ್ಲಿ ಬಿಗಿನ್ ಪದದ ಬಳಿಕ ‘ಫ್ರಮ್’ ಎಂಬ ಅವ್ಯಯವನ್ನಿಡುವುದು ಬಹು ವ್ಯಾಪಕವಾಗಿದೆ. ಬ್ರಿಟಿಷ್ ಮತ್ತು ಅಮೆರಿಕನ್ ಶಿಷ್ಟಪ್ರಯೋಗದಲ್ಲಿ ಇಂಥ ಕಡೆ ದಿನಕ್ಕೆ ‘ಆನ್’, ಗಂಟೆಗೆ ‘ಆಟ್’ ಎಂಬುವೇ ಸಲ್ಲತಕ್ಕುವು. ಆರಂಭವು ಒಂದು ಬಿಂದುವಿನಲ್ಲಿ ನಡೆಯುವ ಘಟನೆಯೆಂದು ಆ ಭಾಷೆಯು ಭಾವಿಸುತ್ತದೆ.

ಕನ್ನಡದ ಆಡುಮಾತನ್ನು ಪ್ರವೇಶಿಸಿದ ಇಂಗ್ಲಿಷ್ ಆರಂಭವಾಚಕವೆಂದರೆ ಸ್ಟಾರ್ಟ್. ಬಸ್ಸು, ಪಂಪು, ಗಿರಣಿಗಳೊಡನೆ ಬಂದ ಈ ಪದವು ಮೊದಲು ಯಂತ್ರಗಳಿಗೆ ಸಂದು, ಅನಂತರ ಎಲ್ಲ ಬಗೆಯ ಕೆಲಸಗಳಿಗೂ ಹಬ್ಬಿ, ‘ಸ್ಟಾರ್ಟ್ ಮಾಡು’, ‘ಸ್ಟಾರ್ಟ್ ಆಗು’ ಎಂಬ ಸಂಯುಕ್ತ ಕ್ರಿಯೆಗಳಾಗಿ ನೆಲೆಗೊಂಡಿದೆ. ಇದಕ್ಕೆ ಪ್ರತಿಯಾಗಿ ಬಿಗಿನ್ ಪದವು, ಪಾಠಪುಸ್ತಕಗಳ ಮೂಲಕ ಎಲ್ಲ ವಿದ್ಯಾವಂತರಿಗೂ ಪರಿಚಿತವಾಗಿದ್ದರೂ, ಕನ್ನಡದ ಆಡುಮಾತಿಗೆ ಎರವಲಾಗಿ ಬಂದಿಲ್ಲ. ಅದು ಹೇಳಬೇಕಾದುದನ್ನೆಲ್ಲ ತೊಡಗು, ಆರಂಭಿಸು, ಶುರುಮಾಡು ಎಂಬ ಪದಗಳು ಪೂರ್ಣವಾಗಿ ನಿರ್ವಹಿಸುತ್ತಿವೆ.

ಈಗಿನ ಸ್ಥಿತಿ

ಆಧುನಿಕ ಇಂಗ್ಲಿಷಿನಲ್ಲಿ ಬಿಗಿನ್ ಮತ್ತು ಸ್ಟಾರ್ಟ್ ಎರಡೂ ಅತ್ಯಧಿಕ ಬಳಕೆಯ ಕ್ರಿಯಾಪದಗಳ ಪಂಕ್ತಿಯಲ್ಲಿವೆ. ಸಂಭಾಷಣೆಯಲ್ಲಿ ಸ್ಟಾರ್ಟ್ ಪದದ ಪ್ರಾಚುರ್ಯವು ಹೆಚ್ಚಾಗಿದ್ದು, ಕಥಾಸಾಹಿತ್ಯ, ಇತಿಹಾಸ, ಶಾಸ್ತ್ರಗ್ರಂಥ ಮೊದಲಾದ ಬರಹದ ಪ್ರಕಾರಗಳಲ್ಲಿ ಬಿಗಿನ್ ತನ್ನ ಪ್ರಾಶಸ್ತ್ಯವನ್ನು ಉಳಿಸಿಕೊಂಡಿದೆ. ಹೊಸ ಉದ್ಯಮಸಂಸ್ಥೆಯನ್ನು ಹೇಳುವ ‘ಸ್ಟಾರ್ಟಪ್’ ಮೊದಲಾದ ನವೀನ ಪದಗಳೆಲ್ಲ ಸ್ಟಾರ್ಟ್ ಧಾತುವಿನಿಂದಲೇ ಹುಟ್ಟುತ್ತಿರುವುದರಿಂದ ಪದಸೃಷ್ಟಿಯ ಶಕ್ತಿಯು ಅದರಲ್ಲಿ ಅಧಿಕವಾಗಿದೆ. ಬಿಗಿನ್ ಹೊಸ ಸಾಧಿತ ಪದಗಳನ್ನು ಬೆಳೆಸಿಕೊಂಡಿಲ್ಲ. ಆದರೆ ಚಲನೆಯ ಛಾಯೆಯಾಗಲಿ ಔಪಚಾರಿಕತೆಯ ಛಾಯೆಯಾಗಲಿ ಇಲ್ಲದೆ ಶುದ್ಧವಾದ ಆರಂಭಾರ್ಥವೊಂದನ್ನೇ ಹೇಳಬೇಕಾದ ಎಡೆಯಲ್ಲಿ ಇಂಗ್ಲಿಷಿನ ಪ್ರಧಾನ ಪದವು ಇಂದಿಗೂ ಅದೇ ಆಗಿದೆ.